ಒಂದೇ ಬಾವಿ, ಮೂರು ವರದಿ: ನೀರಿನ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸುವುದು ಹೇಗೆ, ಓದುವುದು ಹೇಗೆ

ಮಳೆಗಾಲ ಶುರುವಾದರೆ ಸಾಕು, ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. "ನಮ್ಮ ಬಾವಿ ನೀರನ್ನು ಮೂರು ಕಡೆ ಕೊಟ್ಟಿದ್ದೆವು ಸಾರ್. ಒಂದು ವರದಿಯಲ್ಲಿ 23 ಅಂತಿದೆ, ಇನ್ನೊಂದರಲ್ಲಿ 8, ಮೂರನೆಯದರಲ್ಲಿ 'ಇಲ್ಲ' ಅಂತ ಬರೆದಿದ್ದಾರೆ. ಯಾರನ್ನು ನಂಬೋದು?"

ಮೂವರೂ ಸರಿ ಹೇಳಿರಬಹುದು. ಮೂವರೂ ಬೇರೆ ಬೇರೆ ಪದ್ಧತಿ ಬಳಸಿದ್ದಾರೆ, ಹುಡುಕಿದ ವಸ್ತುವೂ ಮೂವರದ್ದು ಒಂದೇ ಅಲ್ಲ, ಅಷ್ಟೇ. ವರದಿಯಲ್ಲಿ ಎಲ್ಲರೂ ಮೊದಲು ನೋಡುವುದು ಅಂಕಿಯನ್ನು. ನಾನು ಮೊದಲು ನೋಡುವುದು ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುವ 'ಪರೀಕ್ಷಾ ವಿಧಾನ' ಎಂಬ ಸಾಲನ್ನು. ಆ ಸಾಲು ಖಾಲಿ ಇದ್ದರೆ ಅಂಕಿಯನ್ನು ಓದಿ ಪ್ರಯೋಜನವಿಲ್ಲ. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ: ನಲ್ಲಿ ನೀರು ಕುಡಿದು ಜನ ಸತ್ತ ಸುದ್ದಿ ಬಂದ ಮೇಲೆ ನೀರು ಪರೀಕ್ಷೆ ಮಾಡಿಸುವವರು ಹೆಚ್ಚಿದ್ದಾರೆ. ಒಳ್ಳೆಯದೇ. ಆದರೆ ದುಡ್ಡು ಕೊಟ್ಟು ತಂದ ಕಾಗದ ಏನು ಹೇಳುತ್ತಿದೆ ಎಂಬುದು ಗೊತ್ತಿರಬೇಕಲ್ಲ. ಹಂತ ಹಂತವಾಗಿ ನೋಡೋಣ.

1. ಏನನ್ನು ಹುಡುಕಿಸಬೇಕು ಎಂದು ಮೊದಲು ತೀರ್ಮಾನಿಸಿ

ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಜೀವಿಗಳು ಹತ್ತಾರು ಬಗೆಯವು. ಇವತ್ತು ನೀರಿನಲ್ಲಿ ಇರುತ್ತವೆ, ನಾಳೆ ಇರುವುದಿಲ್ಲ. ಒಂದೊಂದನ್ನೂ ಬೇರೆಯಾಗಿ ಹುಡುಕುವುದು ಆಗದ ಮಾತು. ಅದಕ್ಕೇ ಪ್ರಯೋಗಾಲಯದವರು 'ಸೂಚಕ' ಜೀವಿಯನ್ನು ಹುಡುಕುತ್ತಾರೆ. ಮನುಷ್ಯರ ಮತ್ತು ದನಕರುಗಳ ಕರುಳಿನಲ್ಲಿ ಯಾವಾಗಲೂ ಕೋಟಿಗಟ್ಟಲೆ ಇರುವ ಬ್ಯಾಕ್ಟೀರಿಯಾ ಅದು. ಅದು ನೀರಿನಲ್ಲಿ ಸಿಕ್ಕಿತೆಂದರೆ ಮಲ ಸೇರಿದೆ ಎಂದರ್ಥ. ಮಲ ಸೇರುವ ದಾರಿ ಇದ್ದ ಮೇಲೆ ರೋಗಾಣುವಿಗೂ ದಾರಿ ಇದೆ.

ವರದಿಯಲ್ಲಿ ಮೂರು ಹೆಸರು ಕಾಣುತ್ತವೆ. ಇವುಗಳನ್ನು ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ.

'ಟೋಟಲ್ ಕೋಲಿಫಾರ್ಮ್' ಎಂಬುದು ದೊಡ್ಡ ಕುಟುಂಬ. ಇದರಲ್ಲಿ ಕರುಳಿನವೂ ಇವೆ, ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಬದುಕುವವೂ ಇವೆ. ತೆರೆದ ಬಾವಿಯಲ್ಲಿ ಇದು ಸಿಕ್ಕರೆ ಹೊರಗಿನ ನೀರು ಒಳಗೆ ಇಳಿಯುತ್ತಿದೆ ಎಂದಷ್ಟೇ ಹೇಳಬಹುದು. ಮಲ ಎಂದು ಹೇಳಲಾಗದು. 'ಫೀಕಲ್ ಕೋಲಿಫಾರ್ಮ್' ಅಥವಾ 'ಥರ್ಮೋಟಾಲರೆಂಟ್ ಕೋಲಿಫಾರ್ಮ್' ಎಂದರೆ ಈ ಕುಟುಂಬದಲ್ಲಿ 44.5 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಬೆಳೆಯುವ ಗುಂಪು. ಬಹುಪಾಲು ಕರುಳಿನವೇ, ಆದರೂ ಕ್ಲೆಬ್ಸಿಯೆಲ್ಲಾದಂಥ ಕೆಲವು ಹೊರಗಿನವು ನುಸುಳುತ್ತವೆ. ಮೂರನೆಯದು 'ಇ. ಕೋಲೈ'. 1885ರಲ್ಲಿ ಥಿಯೋಡೋರ್ ಎಷರಿಕ್ ಎಂಬ ಮಕ್ಕಳ ವೈದ್ಯರು ಶಿಶುಗಳ ಮಲದಲ್ಲಿ ಗುರುತಿಸಿದ ಬ್ಯಾಕ್ಟೀರಿಯಾ. ಮಲ ಸೇರಿದೆ ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ದಿನನಿತ್ಯದ ಪರೀಕ್ಷೆಗಳಲ್ಲಿ ಇಲ್ಲ.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐ.ಎಸ್. 10500, 2012ರ ಪರಿಷ್ಕರಣೆ. ಅದರ ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ. ಕೋಲೈ (ಅಥವಾ ಥರ್ಮೋಟಾಲರೆಂಟ್ ಕೋಲಿಫಾರ್ಮ್) ಪತ್ತೆಯಾಗಬಾರದು, ಟೋಟಲ್ ಕೋಲಿಫಾರ್ಮ್ ಕೂಡ ಪತ್ತೆಯಾಗಬಾರದು. 'ಸ್ವಲ್ಪ ಇದ್ದರೆ ಪರವಾಗಿಲ್ಲ' ಎಂಬ ಮಿತಿ ಇಲ್ಲಿಲ್ಲ. ಮನೆ, ತೋಟ, ಶಾಲೆ, ಅಪಾರ್ಟ್‌ಮೆಂಟ್ ಯಾವುದಕ್ಕಾದರೂ ನೀವು ಕೇಳಬೇಕಾದದ್ದು ಇಷ್ಟೇ: 100 ಮಿ.ಲೀ.ನಲ್ಲಿ ಟೋಟಲ್ ಕೋಲಿಫಾರ್ಮ್ ಮತ್ತು ಇ. ಕೋಲೈ, ಎರಡೂ ಬೇರೆ ಬೇರೆಯಾಗಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. "ಟಿಡಿಎಸ್ 50 ಇದೆ, ನೀರು ಶುದ್ಧ" ಎನ್ನುವವರು ಈಗಲೂ ಸಿಗುತ್ತಾರೆ. ಟಿಡಿಎಸ್ ಮೀಟರ್ ತೋರಿಸುವುದು ಕರಗಿದ ಲವಣವನ್ನು. ಬ್ಯಾಕ್ಟೀರಿಯಾ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆರ್‌ಒ ಯಂತ್ರದ ಶೇಖರಣಾ ಟ್ಯಾಂಕು ತಿಂಗಳುಗಟ್ಟಲೆ ತೊಳೆಯದೇ ಇದ್ದರೆ 50 ಟಿಡಿಎಸ್‌ನ ನೀರಿನಲ್ಲೂ ಕೋಲಿಫಾರ್ಮ್ ಬೆಳೆಯುತ್ತದೆ.

2. ಮಾದರಿ ತೆಗೆಯುವುದು: ಹೆಚ್ಚಿನವರು ಎಡವುವುದು ಇಲ್ಲೇ

ಎಂಥ ದುಬಾರಿ ಪದ್ಧತಿಯಾದರೂ ಬಾಟಲಿಯೊಳಗೆ ಬಂದದ್ದನ್ನೇ ಅಳೆಯುತ್ತದೆ. ನಿಮ್ಮ ಬೆರಳಿನದ್ದು ಬಂದರೆ ಬೆರಳಿನದ್ದನ್ನು.

ಖಾಲಿ ಮಿನರಲ್ ವಾಟರ್ ಬಾಟಲಿ ಬೇಡ, ಮನೆಯಲ್ಲಿ ಕುದಿಸಿದ ಜಾಮ್ ಸೀಸೆಯೂ ಬೇಡ. ಪ್ರಯೋಗಾಲಯಕ್ಕೆ ಒಂದು ದಿನ ಮುಂಚೆ ಹೋಗಿ ಅವರೇ ಕ್ರಿಮಿಶುದ್ಧ ಮಾಡಿದ ಬಾಟಲಿಯನ್ನು ಕೇಳಿ ಪಡೆಯಿರಿ. ನೀರಿಗೆ ಕ್ಲೋರಿನ್ ಹಾಕಿದ್ದರೆ ಅದನ್ನು ಮೊದಲೇ ಹೇಳಿ. ಅಂಥ ನೀರಿಗೆ ಸೋಡಿಯಂ ಥಯೋಸಲ್ಫೇಟ್ ಹಾಕಿದ ಬಾಟಲಿ ಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಬಾಟಲಿಯೊಳಗೆ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಲೇ ಇರುತ್ತದೆ, ನಲ್ಲಿಯಲ್ಲಿ ಇದ್ದದ್ದು ಪ್ರಯೋಗಾಲಯ ಮುಟ್ಟುವ ಹೊತ್ತಿಗೆ ಇರುವುದಿಲ್ಲ. ಥಯೋಸಲ್ಫೇಟ್ ಕ್ಲೋರಿನ್ನಿನ ಆ ಕೆಲಸವನ್ನು ಅಲ್ಲೇ ನಿಲ್ಲಿಸುತ್ತದೆ. ಬಾಟಲಿಯ ತಳದಲ್ಲಿ ಒಂದೆರಡು ಹನಿಯೋ ಬಿಳಿ ಪುಡಿಯೋ ಕಂಡರೆ ಅದೇ ಅದು, ತೊಳೆಯಬೇಡಿ. "ಕೊಳೆ ಇತ್ತು, ಚೆನ್ನಾಗಿ ತೊಳೆದು ತುಂಬಿಸಿ ತಂದೆವು" ಎಂದು ಹೆಮ್ಮೆಯಿಂದ ಹೇಳಿದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ನಲ್ಲಿಯಾದರೆ ತುದಿಗೆ ಕಟ್ಟಿದ ಬಟ್ಟೆ, ಜಾಲರಿ, ಪೈಪಿನ ತುಂಡು ಎಲ್ಲ ತೆಗೆಯಿರಿ. ಬಾಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಲೋಹದ ನಲ್ಲಿಯಾದರೆ ಬೆಂಕಿ ತೋರಿಸಬಹುದು, ಪ್ಲಾಸ್ಟಿಕ್ ನಲ್ಲಿಗೆ ತೋರಿಸಿದರೆ ಮಾರನೇ ದಿನ ಪ್ಲಂಬರನ್ನು ಕರೆಯಬೇಕಾಗುತ್ತದೆ. ಎರಡು ಮೂರು ನಿಮಿಷ ನೀರು ಬಿಟ್ಟು, ಆಮೇಲೆ ಧಾರೆ ಸಣ್ಣದು ಮಾಡಿ. ಬೋರ್‌ವೆಲ್ ಆದರೆ ಮೋಟರು ಹಾಕಿ ಐದು ಹತ್ತು ನಿಮಿಷವಾದರೂ ಓಡಲಿ, ಪೈಪಿನಲ್ಲಿ ನಿಂತ ಹಳೆಯ ನೀರು ಹೋಗಬೇಕು. ತೆರೆದ ಬಾವಿಗೆ ನಿಮ್ಮ ದಿನದ ಹಗ್ಗ, ಕೊಡ ಬೇಡ. ಪ್ರಯೋಗಾಲಯದವರು ಕೊಟ್ಟ ಭಾರ ಕಟ್ಟಿದ ಬಾಟಲಿಯನ್ನು ಶುದ್ಧ ದಾರದಲ್ಲಿ ಇಳಿಸಿ. ಗೋಡೆಗೆ ತಾಗದಂತೆ, ಮೇಲೆ ತೇಲುವ ಕಸವೂ ತಳದ ಕೆಸರೂ ಬರದಂತೆ ನೋಡಿಕೊಳ್ಳಿ.

ಮುಚ್ಚಳವನ್ನು ನೆಲದ ಮೇಲಿಡಬೇಡಿ, ಕೈಯಲ್ಲೇ ಬಾಯಿ ಕೆಳಗೆ ಮಾಡಿ ಹಿಡಿಯಿರಿ. ಒಳಭಾಗ ಮುಟ್ಟಬೇಡಿ. ಕಂಠಪೂರ್ತಿ ತುಂಬಬೇಡಿ, ಎರಡು ಬೆರಳಿನಷ್ಟು ಜಾಗ ಬಿಡಿ. ಪರೀಕ್ಷೆ ಮಾಡುವವರು ಬಾಟಲಿಯನ್ನು ಕುಲುಕಿ ಬೆರೆಸಬೇಕು. ಚೀಟಿಯಲ್ಲಿ ಎಲ್ಲಿಂದ, ಯಾವ ಹೊತ್ತಿಗೆ ತೆಗೆದದ್ದು ಎಂದು ಬರೆಯಿರಿ. ಕ್ಲೋರಿನ್ ಕಿಟ್ ಇದ್ದರೆ ಉಳಿಕೆ ಕ್ಲೋರಿನ್ ಎಷ್ಟಿತ್ತೆಂದು ಅಲ್ಲೇ ನೋಡಿ ಅದನ್ನೂ ಬರೆಯಿರಿ.

ಇಲ್ಲಿ ಒಂದು ಕವಲಿದೆ. ನಲ್ಲಿಯನ್ನು ಸುಟ್ಟು ಒರೆಸಿ ತೆಗೆದ ಮಾದರಿ ಪೈಪಿನೊಳಗಿನ ನೀರು ಹೇಗಿದೆ ಎಂದು ಹೇಳುತ್ತದೆ. ಮಕ್ಕಳು ಕುಡಿಯುವ ಲೋಟದ ನೀರು ಹೇಗಿದೆ ಎಂದು ತಿಳಿಯಬೇಕಾದರೆ ನಲ್ಲಿಯನ್ನು ಮುಟ್ಟದೆ ಇದ್ದ ಹಾಗೆಯೇ ಇನ್ನೊಂದು ಬಾಟಲಿ ತೆಗೆಯಬೇಕು. ಅಪಾರ್ಟ್‌ಮೆಂಟಿನವರು ಬೋರ್‌ವೆಲ್, ಸಂಪು, ಓವರ್‌ಹೆಡ್ ಟ್ಯಾಂಕು, ಅಡುಗೆಮನೆ ನಲ್ಲಿ, ಹೀಗೆ ನಾಲ್ಕು ಕಡೆ ತೆಗೆಸಿದರೆ ಕೊಳೆ ಎಲ್ಲಿ ಸೇರುತ್ತಿದೆ ಎಂಬುದು ಒಂದೇ ಸಲಕ್ಕೆ ಗೊತ್ತಾಗುತ್ತದೆ. ಅಡುಗೆಮನೆಯ ಒಂದೇ ಬಾಟಲಿ ಕಳಿಸಿ ಬೋರ್‌ವೆಲ್ಲನ್ನು ಬೈಯುವುದರಲ್ಲಿ ಅರ್ಥವಿಲ್ಲ.

ತೆಗೆದ ಮೇಲೆ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಸಾಗಿಸಿ. ತಣ್ಣಗಿರಬೇಕು, ಹೆಪ್ಪುಗಟ್ಟಬಾರದು. ಆರು ಗಂಟೆಯೊಳಗೆ ತಲುಪಿದರೆ ಉತ್ತಮ. ತೆಗೆದ ಹೊತ್ತಿನಿಂದ ಪರೀಕ್ಷೆ ಶುರುವಾಗುವವರೆಗೆ 24 ಗಂಟೆ ಮೀರಲೇಬಾರದು. ಬಿಸಿಲಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಬಂದ ಬಾಟಲಿಯಲ್ಲಿ ಕೆಲವು ಬ್ಯಾಕ್ಟೀರಿಯಾ ಸಾಯುತ್ತವೆ, ಕೆಲವು ಬೆಳೆಯುತ್ತವೆ. ಎರಡೂ ನಿಮಗೆ ಸುಳ್ಳನ್ನೇ ಹೇಳುತ್ತವೆ. ಇನ್ನೊಂದು ಕಿವಿಮಾತು: ಶುಕ್ರವಾರ ಸಂಜೆ ಮಾದರಿ ಕೊಡಬೇಡಿ. ಈ ಪರೀಕ್ಷೆಗಳನ್ನು 24 ಗಂಟೆಗೆ, 48 ಗಂಟೆಗೆ ತೆಗೆದು ನೋಡಬೇಕು. ಭಾನುವಾರ ಬಾಗಿಲು ಹಾಕುವ ಪ್ರಯೋಗಾಲಯದಲ್ಲಿ ನೋಡುವವರು ಯಾರು? ಸೋಮವಾರ, ಮಂಗಳವಾರ ಒಳ್ಳೆಯದು.

3. ಪದ್ಧತಿ ಯಾವುದು?

ಅಕ್ಕಿಯಲ್ಲಿ ಕಲ್ಲು ಎಷ್ಟಿದೆ ಎಂದು ತಿಳಿಯಬೇಕು ಎಂದುಕೊಳ್ಳಿ. ಎರಡು ದಾರಿ. ಒಂದು, ಅಕ್ಕಿಯನ್ನು ಹತ್ತು ಹಿಡಿಯಾಗಿ ಪಾಲು ಮಾಡಿ ಎಷ್ಟು ಹಿಡಿಯಲ್ಲಿ ಕಲ್ಲು ಇದೆ ಎಂದು ನೋಡಿ ಒಟ್ಟು ಎಷ್ಟಿರಬಹುದು ಎಂದು ಲೆಕ್ಕ ಹಾಕುವುದು. ಇನ್ನೊಂದು, ಎಲ್ಲವನ್ನೂ ಜರಡಿ ಹಿಡಿದು ಕಲ್ಲನ್ನೇ ಎಣಿಸುವುದು. ಮೊದಲನೆಯದು ಬಹುನಳಿಕೆ ಪದ್ಧತಿ, ಎರಡನೆಯದು ಪೊರೆಸೋಸುವ ಪದ್ಧತಿ. ಉಳಿದವು ಇವೆರಡರ ಮಕ್ಕಳು, ಮೊಮ್ಮಕ್ಕಳು.

ಬಹುನಳಿಕೆ ಪದ್ಧತಿ. ನಮ್ಮ ಸರ್ಕಾರಿ ಪ್ರಯೋಗಾಲಯಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ ಇದು. ನೀರನ್ನು ಪಾಲು ಮಾಡಿ ಲ್ಯಾಕ್ಟೋಸ್ ಸಕ್ಕರೆಯಿರುವ ಪೋಷಕ ದ್ರವದ (ಬ್ರಾತ್ ಎನ್ನುತ್ತಾರೆ) ನಳಿಕೆಗಳಿಗೆ ಹಾಕುತ್ತಾರೆ. ಒಳಗೆ ಬೋರಲು ಹಾಕಿದ ಪುಟ್ಟ ಡರ್ಹಾಮ್ ಕೊಳವೆ ಇರುತ್ತದೆ. ಕೋಲಿಫಾರ್ಮ್ ಇದ್ದರೆ ಸಕ್ಕರೆ ಹುದುಗಿ ಅನಿಲ ಬಂದು ಆ ಕೊಳವೆಯಲ್ಲಿ ಗುಳ್ಳೆ ನಿಲ್ಲುತ್ತದೆ. 24 ಗಂಟೆಗೆ ನೋಡುತ್ತಾರೆ, ಗುಳ್ಳೆ ಬಾರದ ನಳಿಕೆಯನ್ನು ಮತ್ತೆ 48 ಗಂಟೆಯವರೆಗೆ ಬಿಡುತ್ತಾರೆ. ಇದು 'ಪೂರ್ವಭಾವಿ' ಹಂತ. ಗುಳ್ಳೆ ಬಂದ ನಳಿಕೆಯಿಂದ ಒಂದು ತೊಟ್ಟು ತೆಗೆದು ಬ್ರಿಲಿಯಂಟ್ ಗ್ರೀನ್ ಬೈಲ್ ಬ್ರಾತ್‌ಗೆ ಹಾಕಿ ಕೋಲಿಫಾರ್ಮ್ ಹೌದೇ ಎಂದು, 44.5 ಡಿಗ್ರಿಯಲ್ಲಿಟ್ಟು ಮಲದ್ದೇ ಎಂದು ದೃಢಪಡಿಸುತ್ತಾರೆ. ಅದೇ ಬಿಸಿಯಲ್ಲಿ ಇಂಡೋಲ್ ಪರೀಕ್ಷೆಗೆ ಕೆಂಪು ಉಂಗುರ ಬಂದರೆ ಇ. ಕೋಲೈ.

ಇದರಿಂದ ನಿಮಗೊಂದು ಉಪಯೋಗದ ಲೆಕ್ಕ ಸಿಗುತ್ತದೆ. ಈ ಪದ್ಧತಿಯಲ್ಲಿ 'ಇಲ್ಲ' ಎಂದು ಹೇಳಲು ಕನಿಷ್ಠ 48 ಗಂಟೆ ಬೇಕೇಬೇಕು. ಬೆಳಗ್ಗೆ ಕೊಟ್ಟ ಮಾದರಿಗೆ ಮಾರನೇ ದಿನ ಮಧ್ಯಾಹ್ನ "ಬಹುನಳಿಕೆ ಪದ್ಧತಿ, ಕೋಲಿಫಾರ್ಮ್ ಇಲ್ಲ" ಎಂಬ ವರದಿ ಬಂದರೆ, ಆ ಪ್ರಯೋಗಾಲಯಕ್ಕೆ ಮತ್ತೆ ಹೋಗಬೇಡಿ.

ಬರುವ ಅಂಕಿಗೆ 'ಎಂಪಿಎನ್' ಎಂದು ಹೆಸರು. ಅತ್ಯಂತ ಸಂಭವನೀಯ ಸಂಖ್ಯೆ ಎಂದರ್ಥ. ಎಣಿಸಿದ್ದಲ್ಲ, ಕೋಷ್ಟಕ ನೋಡಿ ಅಂದಾಜಿಸಿದ್ದು. ಸಾಮಾನ್ಯ ಜೋಡಣೆಯಲ್ಲಿ 10 ಮಿ.ಲೀ., 1 ಮಿ.ಲೀ., 0.1 ಮಿ.ಲೀ. ನೀರಿಗೆ ತಲಾ ಐದು ನಳಿಕೆ. 10 ಮಿ.ಲೀ.ನ ಐದೂ ನಳಿಕೆಯಲ್ಲಿ ಗುಳ್ಳೆ ಬಂದು ಉಳಿದವು ಸುಮ್ಮನಿದ್ದರೆ ಕೋಷ್ಟಕ ಹೇಳುವ ಉತ್ತರ 23. ಆದರೆ ನಿಜವಾದ ಸಂಖ್ಯೆ ಸುಮಾರು 7ರಿಂದ 70ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಆ ಅಂತರವನ್ನೂ ಕೋಷ್ಟಕವೇ ಹೇಳುತ್ತದೆ. ವರದಿಯಲ್ಲಿ ಅದನ್ನು ಬರೆಯುವವರು ಕಡಿಮೆ.

ಮಳೆಗಾಲದ ರಾಡಿ ನೀರಿಗೆ, ಕೆರೆ ನೀರಿಗೆ, ಕ್ಲೋರಿನ್ ಏಟು ತಿಂದು ಅರೆಜೀವವಾದ ಬ್ಯಾಕ್ಟೀರಿಯಾ ಇರುವ ನೀರಿಗೆ ಈ ಹಳೆಯ ಪದ್ಧತಿ ಈಗಲೂ ಆಗಿಬರುತ್ತದೆ. ನಿಧಾನ, ಕೆಲಸ ಹೆಚ್ಚು, ಗಾಜಿನ ಸಾಮಾನು ರಾಶಿ. ಆದರೂ ನನಗೆ ಇದರ ಮೇಲೆ ಗೌರವ ಹೋಗಿಲ್ಲ.

ಪೊರೆಸೋಸುವ ಪದ್ಧತಿ. 100 ಮಿ.ಲೀ. ನೀರನ್ನು ಪೂರ್ತಿ 0.45 ಮೈಕ್ರಾನ್ ರಂಧ್ರಗಳ, 47 ಮಿ.ಮೀ. ಅಗಲದ ತೆಳು ಬಿಲ್ಲೆಯ ಮೂಲಕ ಎಳೆಯುತ್ತಾರೆ. ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ. ಬಿಲ್ಲೆಯನ್ನು ಪೋಷಕ ಅಗಾರಿನ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಲೋಳೆ) ಮೇಲಿಟ್ಟು ಒಂದು ದಿನ ಬೆಚ್ಚಗಿಟ್ಟರೆ ಒಂದೊಂದೂ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಎಂಡೋ ಅಗಾರಿನಲ್ಲಿ ಕೋಲಿಫಾರ್ಮಿಗೆ ಹಸಿರು ಛಾಯೆಯ ಲೋಹದ ಹೊಳಪು, ಎಂಎಫ್‌ಸಿ ಅಗಾರಿನಲ್ಲಿ 44.5 ಡಿಗ್ರಿಗೆ ಫೀಕಲ್ ಕೋಲಿಫಾರ್ಮಿಗೆ ನೀಲಿ. ಈಚಿನ ಬಣ್ಣದ ಅಗಾರುಗಳಲ್ಲಿ ಇ. ಕೋಲೈ ಕಡುನೀಲಿ ನೇರಳೆ, ಉಳಿದ ಕೋಲಿಫಾರ್ಮ್ ಗುಲಾಬಿ ಕೆಂಪು. ಅಂಕಿಯ ಪಕ್ಕ 'ಸಿಎಫ್‌ಯು' ಎಂದಿರುತ್ತದೆ, ಅಂದರೆ ಚುಕ್ಕೆ ಕಟ್ಟಿದ ಘಟಕ. ಅಂಟಿಕೊಂಡ ಹತ್ತು ಬ್ಯಾಕ್ಟೀರಿಯಾ ಸೇರಿ ಒಂದೇ ಚುಕ್ಕೆ ಆಗಿರಬಹುದು ಎಂಬುದು ನೆನಪಿರಲಿ.

ತಿಳಿಯಾದ ಬೋರ್‌ವೆಲ್ ನೀರಿಗೆ, ಕ್ಲೋರಿನ್ ಹಾಕಿದ ನಗರದ ನೀರಿಗೆ ಇದು ನನ್ನ ಮೊದಲ ಆಯ್ಕೆ. ಪೂರ್ತಿ 100 ಮಿ.ಲೀ. ನೋಡುತ್ತದೆ, ಒಂದು ದಿನದಲ್ಲಿ ಅಂಕಿ ಸಿಗುತ್ತದೆ, ಅಂದಾಜಿನ ಅಂತರ ಕಡಿಮೆ. ಸಮಸ್ಯೆ ರಾಡಿ ನೀರಿನದು. ಮಣ್ಣು ರಂಧ್ರ ಮುಚ್ಚುತ್ತದೆ, ಬೇರೆ ಬ್ಯಾಕ್ಟೀರಿಯಾ ಬಿಲ್ಲೆಯ ತುಂಬ ಹರಡಿ ಕೋಲಿಫಾರ್ಮನ್ನು ಮುಚ್ಚಿಬಿಡುತ್ತದೆ. ಆಗ ವರದಿಯಲ್ಲಿ 'ಟಿಎನ್‌ಟಿಸಿ' ಎಂದು ಬರೆಯುತ್ತಾರೆ. ಎಣಿಸಲಾರದಷ್ಟು ಎಂದು ಅದರ ಅರ್ಥ. ಅದನ್ನು ಏನೂ ಸಿಕ್ಕಿಲ್ಲ ಎಂದು ಓದಿಕೊಂಡು ನೆಮ್ಮದಿಯಿಂದಿದ್ದ ಕುಟುಂಬವೊಂದು ನನಗೆ ಗೊತ್ತು.

ಕಿಣ್ವ ಪದ್ಧತಿ. ಕೋಲಿಲರ್ಟ್ ಎಂಬ ಹೆಸರು ಕೇಳಿರುತ್ತೀರಿ, ಅದು ಈ ಜಾತಿಯದು. ಕೋಲಿಫಾರ್ಮಿನಲ್ಲಿ ಒಂದು ಕಿಣ್ವವಿದೆ (ಬೀಟಾ ಗ್ಯಾಲಕ್ಟೋಸಿಡೇಸ್). ಅದು ಪುಡಿಯಲ್ಲಿರುವ ಒಂದು ವಸ್ತುವನ್ನು ಒಡೆದರೆ ನೀರು ಹಳದಿಯಾಗುತ್ತದೆ. ಇ. ಕೋಲೈಯಲ್ಲಿ ಇನ್ನೊಂದು ಕಿಣ್ವವಿದೆ (ಬೀಟಾ ಗ್ಲುಕುರೊನಿಡೇಸ್). ಅದು ಇನ್ನೊಂದು ವಸ್ತುವನ್ನು ಒಡೆದರೆ 365 ನ್ಯಾನೋಮೀಟರಿನ ನೇರಳಾತೀತ ದೀಪದಡಿ ನೀಲಿ ಹೊಳೆಯುತ್ತದೆ. ಹಳದಿ ಎಂದರೆ ಕೋಲಿಫಾರ್ಮ್, ಹಳದಿಯೂ ಹೊಳಪೂ ಇದ್ದರೆ ಇ. ಕೋಲೈ. ಒಂದೇ ಬಾಟಲಿ, 35 ಡಿಗ್ರಿ, 24 ಗಂಟೆ, ಎರಡು ಉತ್ತರ. ದೃಢೀಕರಣದ ಹಂತವೇ ಇಲ್ಲ.

ನೀರನ್ನು ಬಾಟಲಿಯಲ್ಲೇ ಬಿಟ್ಟರೆ 'ಇದೆ / ಇಲ್ಲ' ಎಂಬ ಉತ್ತರ ಬರುತ್ತದೆ. 51 ಅಥವಾ 97 ಗುಳಿಗಳ ತಟ್ಟೆಗೆ ಸುರಿದು ಮುಚ್ಚಿದರೆ ಎಷ್ಟು ಗುಳಿ ಹಳದಿಯಾಯಿತು ಎಂಬುದರಿಂದ ಸಂಖ್ಯೆ ಸಿಗುತ್ತದೆ. ಅದೂ ಎಂಪಿಎನ್ನೇ! ಅಕ್ಕಿಯನ್ನು ಹತ್ತರ ಬದಲು ಐವತ್ತೊಂದು ಹಿಡಿ ಮಾಡಿದ ಹಾಗೆ. ಆದ್ದರಿಂದ ವರದಿಯಲ್ಲಿ ಬರೀ 'ಎಂಪಿಎನ್' ಎಂದಿದ್ದರೆ ಪದ್ಧತಿ ಯಾವುದೆಂದು ತಿಳಿಯುವುದಿಲ್ಲ, ಕೇಳಬೇಕು.

ಇದರಲ್ಲೂ ಬಲೆಗಳಿವೆ. 28 ಗಂಟೆ ದಾಟಿದ ಮೇಲೆ ಬಂದ ಹಳದಿಗೆ ಬೆಲೆಯಿಲ್ಲ. ಕಬ್ಬಿಣದ ಅಂಶದಿಂದ ಮೊದಲೇ ಹಳದಿ ಕಂದು ಇರುವ ಬೋರ್‌ವೆಲ್ ನೀರನ್ನು ಅವಸರದಲ್ಲಿ 'ಇದೆ' ಎಂದು ಓದುವುದುಂಟು. ಜೊತೆಗೆ ಓ157 ಎಂಬ, ರಕ್ತಭೇದಿ ತರುವ ಕೆಟ್ಟ ಇ. ಕೋಲೈ ತಳಿಯಲ್ಲಿ ಆ ಎರಡನೇ ಕಿಣ್ವ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಅದು ಹೊಳೆಯದೆ ತಪ್ಪಿಸಿಕೊಳ್ಳುತ್ತದೆ. ಆದರೆ ಮಲ ಸೇರಿದ ನೀರಿನಲ್ಲಿ ಮಾಮೂಲಿ ಇ. ಕೋಲೈಯೂ ಜೊತೆಗೇ ಇರುವುದರಿಂದ ದಿನಬಳಕೆಗೆ ಇದು ದೊಡ್ಡ ಕೊರತೆಯಲ್ಲ.

ಕಪ್ಪಾಗುವ ಬಾಟಲಿ. ಹಳ್ಳಿಗಳಲ್ಲಿ ಪಂಚಾಯಿತಿಯವರು ಕಿಟ್‌ನಲ್ಲಿ ತರುವುದು ಇದನ್ನೇ: ಎಚ್2ಎಸ್ ಬಾಟಲಿ. 1982ರಲ್ಲಿ ಭಾರತದ ವಿಜ್ಞಾನಿಗಳಾದ ಮಾಂಜಾ, ಮೌರ್ಯ ಮತ್ತು ರಾವ್ ಪ್ರಕಟಿಸಿದ ಪದ್ಧತಿ. ಆಮೇಲೆ ಹಲವು ದೇಶಗಳಿಗೆ ಹೋಯಿತು. ಗೆರೆವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಟ್ಟರೆ, ಕರುಳಿನ ಕೆಲವು ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ (ಎಚ್2ಎಸ್) ಅನಿಲ ಬಿಟ್ಟು ಬಾಟಲಿಯೊಳಗಿನ ಕಾಗದವನ್ನು ಕಪ್ಪಾಗಿಸುತ್ತವೆ. ಕರೆಂಟು ಬೇಡ, ಇನ್‌ಕ್ಯುಬೇಟರ್ ಬೇಡ.

ಆದರೆ ಇದು ಇ. ಕೋಲೈ ಪರೀಕ್ಷೆ ಅಲ್ಲ. ಇ. ಕೋಲೈ ಸಾಮಾನ್ಯವಾಗಿ ಈ ಅನಿಲವನ್ನು ಬಿಡುವುದಿಲ್ಲ, ಬಿಡುವುದು ಸಾಲ್ಮೊನೆಲ್ಲಾ, ಸಿಟ್ರೊಬ್ಯಾಕ್ಟರ್, ಕ್ಲಾಸ್ಟ್ರಿಡಿಯಂ ಮೊದಲಾದವು. ಕೊಳೆತ ಮೊಟ್ಟೆಯ ವಾಸನೆಯ ಬೋರ್‌ವೆಲ್ ನೀರಿನಲ್ಲಿ ಆ ಅನಿಲ ಮೊದಲೇ ಇರುತ್ತದೆ, ತುಂಬಿದ ಕೂಡಲೇ ಕಪ್ಪಾಗುತ್ತದೆ. ಅದಕ್ಕೆ ಮಲ ಕಾರಣವಲ್ಲ. ತೆಗೆದುಕೊಳ್ಳುವ ನೀರೂ ಕಡಿಮೆ, ಮೂಲ ಪದ್ಧತಿಯಲ್ಲಿ 20 ಮಿ.ಲೀ. ಮಾತ್ರ. ಹಾಗಾಗಿ ಕಪ್ಪಾದರೆ ಕುದಿಸಿ ಕುಡಿಯಲು ಶುರುಮಾಡಿ, ಪ್ರಯೋಗಾಲಯಕ್ಕೂ ಕಳಿಸಿ. ಕಪ್ಪಾಗದಿದ್ದರೆ ಅದನ್ನೇ ಪ್ರಮಾಣಪತ್ರ ಎಂದುಕೊಳ್ಳಬೇಡಿ. ಕಪ್ಪಾದ ಬಾಟಲಿಯಲ್ಲಿ ಈಗ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಬೆಳೆದಿದೆ. ಮಕ್ಕಳ ಕೈಗೆ ಸಿಗದಂತೆ ಬ್ಲೀಚಿಂಗ್ ದ್ರಾವಣ ಸುರಿದು ಅರ್ಧ ಗಂಟೆ ಬಿಟ್ಟು ಆಮೇಲೆ ಚೆಲ್ಲಿ.

ಉಳಿದವು. ಒಟ್ಟು ಬ್ಯಾಕ್ಟೀರಿಯಾ ಎಣಿಕೆ ಟ್ಯಾಂಕು, ಫಿಲ್ಟರು ಎಷ್ಟು ಸ್ವಚ್ಛವಾಗಿವೆ ಎಂದು ತಿಳಿಯಲು ಒಳ್ಳೆಯದು, ಮಲ ಸೇರಿದೆಯೇ ಎಂದು ತಿಳಿಯಲು ಅಲ್ಲ. ಪಿಸಿಆರ್ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹಿಡಿಯುತ್ತದೆ, ಕೆಲವೇ ಗಂಟೆ ಸಾಕು, ಆದರೆ ಕ್ಲೋರಿನ್ನಿನಿಂದ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುತ್ತದೆ. ರೋಗ ಹಬ್ಬಿದಾಗ ಮೂಲ ಹುಡುಕುವವರಿಗೆ ಅದು ಬೇಕು. ಮನೆಯ ಬಾವಿಗೆ ಪಿಸಿಆರ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಜೇಬು ಹಿಡಿದುಕೊಳ್ಳಿ.

4. ಪ್ರಯೋಗಾಲಯಕ್ಕೆ ಕೊಡುವ ಮೊದಲು ಕೇಳಿ

ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆ ಎಂಬ ಫಲಕ ನೋಡಿ ಸುಮ್ಮನಾಗಬೇಡಿ. ಮಾನ್ಯತೆ ಸಿಗುವುದು ಒಂದೊಂದು ಪರೀಕ್ಷೆಗೆ ಬೇರೆ ಬೇರೆಯಾಗಿ. ಫ್ಲೋರೈಡ್, ಗಡಸುತನಕ್ಕೆ ಮಾತ್ರ ಮಾನ್ಯತೆ ಪಡೆದ ಕಡೆಯೂ ಅದೇ ಫಲಕ ತೂಗುತ್ತದೆ. 'ಸೂಕ್ಷ್ಮಜೀವಿ ಪರೀಕ್ಷೆಗೆ, ಕುಡಿಯುವ ನೀರಿಗೆ ಇದೆಯೇ, ಅವಧಿ ಮುಗಿದಿಲ್ಲವೇ' ಎಂದು ಕೇಳಿ. ಆಮೇಲೆ ಪದ್ಧತಿ ಯಾವುದು, ಎಷ್ಟು ಮಿ.ಲೀ. ಪರೀಕ್ಷಿಸುತ್ತೀರಿ, ಇ. ಕೋಲೈ ಬೇರೆಯಾಗಿ ಕೊಡುತ್ತೀರಾ ಎಂದು ಕೇಳಿ. ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ಹಳ್ಳಿಯವರಿಗೆ ಇನ್ನೊಂದು ದಾರಿಯಿದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಅಡಿ ಜಿಲ್ಲಾ, ತಾಲ್ಲೂಕು ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಗಳನ್ನು ಸಾರ್ವಜನಿಕರ ಮಾದರಿಗೂ ತೆರೆಯಲಾಗಿದೆ. ಪಂಚಾಯಿತಿ ಪಿಡಿಒ ಅವರನ್ನೋ ನೀರಗಂಟಿಯನ್ನೋ ವಿಚಾರಿಸಿ. ಆ ಯೋಜನೆಯ ಪ್ರಕಾರ ಕುಡಿಯುವ ನೀರಿನ ಮೂಲಕ್ಕೆ ವರ್ಷಕ್ಕೆ ಎರಡು ಸಲ, ಮಳೆಗಾಲದ ಮುಂಚೆ ಮತ್ತು ನಂತರ, ಬ್ಯಾಕ್ಟೀರಿಯಾ ಪರೀಕ್ಷೆ ಆಗಬೇಕು. ನಿಮ್ಮೂರ ನೀರಿನ ಹಿಂದಿನ ವರದಿಯನ್ನೂ ಕೇಳಿ ನೋಡಿ.

5. ವರದಿಯನ್ನು ಓದುವುದು

ಅತಿ ಹೆಚ್ಚು ಕೇಳುವ ಪ್ರಶ್ನೆ: "<1.8 ಅಂದರೆ ಒಂದೋ ಎರಡೋ ಇದೆ ಅಂತಾನಾ?" ಅಲ್ಲ. ಒಂದು ನಳಿಕೆಯಲ್ಲೂ ಗುಳ್ಳೆ ಬಂದಿಲ್ಲ ಎಂದರ್ಥ. ಹಾಗಾದರೆ ಸೊನ್ನೆ ಎಂದೇಕೆ ಬರೆಯುವುದಿಲ್ಲ? 10, 1, 0.1 ಮಿ.ಲೀ.ನ ಐದೈದು ನಳಿಕೆ ಸೇರಿ ಪರೀಕ್ಷೆ ಮಾಡಿದ ನೀರು ಒಟ್ಟು 55.5 ಮಿ.ಲೀ. ಮಾತ್ರ. ನೋಡದೆ ಉಳಿದ ನೀರಿನ ಬಗ್ಗೆ ಸೊನ್ನೆ ಎಂದು ಹೇಳುವ ಹಕ್ಕು ಆ ಪದ್ಧತಿಗಿಲ್ಲ. 10 ಮಿ.ಲೀ.ನ ಹತ್ತು ನಳಿಕೆ ಇಟ್ಟರೆ ಪೂರ್ತಿ 100 ಮಿ.ಲೀ. ಆಗುತ್ತದೆ, ಆಗ ಏನೂ ಸಿಗದಿದ್ದರೆ '<1.1' ಎಂದು ಬರೆಯುತ್ತಾರೆ. ಕುಡಿಯುವ ನೀರಿಗೆ ಈ ಹತ್ತು ನಳಿಕೆಯ ಜೋಡಣೆಯನ್ನೇ ಕೇಳಿ. ಪೊರೆ ಪದ್ಧತಿಯಲ್ಲಿ ಅದೇ ಸಂಗತಿ '0' ಅಥವಾ '<1' ಎಂದು ಬರುತ್ತದೆ.

ಈಗ ಮೊದಲಿನ ಮೂರು ವರದಿಗೆ ಬನ್ನಿ. 23 ಎಂದದ್ದು ಬಹುನಳಿಕೆ, ಟೋಟಲ್ ಕೋಲಿಫಾರ್ಮ್. ನಿಜಸಂಖ್ಯೆ 7ರಿಂದ 70ರ ನಡುವೆ ಎಲ್ಲೋ. 8 ಎಂದದ್ದು ಪೊರೆ ಪದ್ಧತಿ, ಅದೇ ಟೋಟಲ್ ಕೋಲಿಫಾರ್ಮ್. 8 ಆ ಅಂತರದೊಳಗೇ ಇದೆ, ಜಗಳವಿಲ್ಲ. 'ಇಲ್ಲ' ಎಂದದ್ದು ಕಿಣ್ವ ಪದ್ಧತಿ, ಇ. ಕೋಲೈಗೆ ಮಾತ್ರ. ಮೂರನ್ನೂ ಸೇರಿಸಿ ಓದಿದರೆ ಹೊರಗಿನ ನೀರು ಬಾವಿಗೆ ಇಳಿಯುತ್ತಿದೆ, ಆ ದಿನದ ಮಾದರಿಯಲ್ಲಿ ಮಲದ ಗುರುತು ಸಿಗಲಿಲ್ಲ ಎಂದಾಯಿತು. ಬಾವಿಕಟ್ಟೆಯ ಬಿರುಕು, ಸುತ್ತಲಿನ ಇಳಿಜಾರು, ಹತ್ತಿರದ ಬಚ್ಚಲ ಗುಂಡಿ ಇವುಗಳನ್ನು ನೋಡಬೇಕು.

ಇ. ಕೋಲೈ ಇಲ್ಲ ಎಂದ ಮಾತ್ರಕ್ಕೆ ವೈರಸ್, ಪರೋಪಜೀವಿ ಇಲ್ಲ ಎಂದಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಕ್ಲೋರಿನ್ನಿಗೆ ಬಗ್ಗದ ಕ್ರಿಪ್ಟೊಸ್ಪೊರಿಡಿಯಂ ನಲ್ಲಿ ನೀರಿನಲ್ಲಿ ಬಂದು ಸುಮಾರು 4 ಲಕ್ಷ ಜನ ಹಾಸಿಗೆ ಹಿಡಿದರು. ಮನೆಯಲ್ಲಿ ಭೇದಿ ನಿಲ್ಲುತ್ತಿಲ್ಲವೆಂದರೆ ವರದಿ ಚೆನ್ನಾಗಿದೆ ಎಂದು ಕೂರದೆ ವೈದ್ಯರಿಗೆ ನೀರಿನ ವಿಷಯವನ್ನೂ ಹೇಳಿ.

6. 'ಇದೆ' ಎಂದು ಬಂದರೆ

ಆ ಕ್ಷಣದಿಂದ ಕುದಿಸಿ ಕುಡಿಯಿರಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ಆಮೇಲೆ ಬಾವಿಗೆ ಬ್ಲೀಚಿಂಗ್ ಪುಡಿ.

ದುಂಡು ಬಾವಿಯ ನೀರಿನ ಲೆಕ್ಕ: ಅಡ್ಡಗಲ × ಅಡ್ಡಗಲ × ನೀರಿನ ಆಳ × 0.785, ಎಲ್ಲವೂ ಮೀಟರಿನಲ್ಲಿ. ಬಂದದ್ದನ್ನು 1000ದಿಂದ ಗುಣಿಸಿದರೆ ಲೀಟರು. 2 ಮೀಟರ್ ಅಗಲ, 5 ಮೀಟರ್ ನೀರಿದ್ದರೆ ಸುಮಾರು 15,700 ಲೀಟರು. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪುಡಿಯ ಲೆಕ್ಕದಲ್ಲಿ 40 ಗ್ರಾಂ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ, ಮತ್ತೆ ನೀರು ಬೆರೆಸಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕಲಕಿ, ಗಸಿಯನ್ನು ಹೊರಗೆ ಚೆಲ್ಲಿ. ಒಂದು ಗಂಟೆ ಬಿಟ್ಟು ಉಳಿಕೆ ಕ್ಲೋರಿನ್ ನೋಡಿದರೆ ಲೀಟರಿಗೆ 0.5 ಮಿ.ಗ್ರಾಂ. ಇರಬೇಕು. ಇಲ್ಲದಿದ್ದರೆ ಮತ್ತೊಮ್ಮೆ ಹಾಕಿ, ಕೊಳೆ ಹೆಚ್ಚಿದ್ದರೆ ಕ್ಲೋರಿನ್ನನ್ನು ಅದೇ ತಿಂದುಹಾಕುತ್ತದೆ. ಅಂಗಡಿಯಲ್ಲಿ ಬಾಯಿ ತೆರೆದಿಟ್ಟ ಚೀಲದ ಪುಡಿ ಬೇಡ, ಅದರಲ್ಲಿ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿದಿರುತ್ತದೆ.

ಮರುಪರೀಕ್ಷೆಗೆ ಮಾರನೇ ದಿನವೇ ಓಡಬೇಡಿ. ಬಾವಿಯಲ್ಲಿ ಕ್ಲೋರಿನ್ ಇರುವಾಗ ತೆಗೆದ ಮಾದರಿ ಶುದ್ಧವೆಂದೇ ಬರುತ್ತದೆ, ಕೊಳೆ ಬರುವ ದಾರಿ ಮುಚ್ಚಿದೆಯೇ ಎಂದು ಅದು ಹೇಳುವುದಿಲ್ಲ. ಒಂದು ವಾರ ಬಿಟ್ಟು, ಕ್ಲೋರಿನ್ ಪೂರ್ತಿ ಹೋಗಿದೆ ಎಂದು ಕಿಟ್‌ನಲ್ಲಿ ನೋಡಿಕೊಂಡು, ಅದೇ ಜಾಗದಿಂದ, ಅದೇ ಪ್ರಯೋಗಾಲಯಕ್ಕೆ, ಅದೇ ಪದ್ಧತಿಯಲ್ಲಿ ಮಾಡಿಸಿ. ಪದ್ಧತಿ ಬದಲಾಯಿಸಿದರೆ ನೀರು ಸುಧಾರಿಸಿತೋ ಅಂಕಿ ಮಾತ್ರ ಬದಲಾಯಿತೋ ಗೊತ್ತಾಗದು. ಮತ್ತೆ ಇ. ಕೋಲೈ ಬಂದರೆ ಇನ್ನೊಂದು ಚೀಲ ಪುಡಿ ತರುವ ಬದಲು ಬಾವಿಗೂ ಶೌಚದ ಗುಂಡಿಗೂ ನಡುವಿನ ದೂರವನ್ನು ಟೇಪು ಹಿಡಿದು ಅಳೆಯಿರಿ, ಮಳೆ ಬಂದ ದಿನ ಕೊಡೆ ಹಿಡಿದು ಹೋಗಿ ನೀರು ಎಲ್ಲಿಂದ ಇಳಿಯುತ್ತಿದೆ ಎಂದು ನಿಂತು ನೋಡಿ.